ಹೊಸ್ತಿಲಿಗೆ ಕೊಟ್ಟ ಪೆನ್ನಿ

ಮೊನ್ನೆ ಗ್ರೋಸರಿ ಅಂಗಡಿಯ ಎದುರಿನ ಪಾರ್ಕಿಂಗ್ ಜಾಗದಲ್ಲಿ ಒಂದು ಪೆನ್ನಿ ಬಿದ್ದಿತ್ತು. ಎತ್ತಿಕೊಳ್ಳಲೆಂದು ಬಗ್ಗಿದೆ. ಪೆನ್ನಿ ಕೈಗೆ ಬಂತು. ಸೊಂಟ ಬರಲಿಲ್ಲ, ಬಗ್ಗಿದಲ್ಲೇ ಹಿಡಿದುಕೊಂಡಿತು. ಹಾಲಿನ ಕ್ಯಾನು ಹಿಡಿದು ಹಿಂದಿನಿಂದ ಬರುತ್ತಿದ್ದ ನನ್ನ ಹೆಂಡತಿ ವಿಮಲಾ ಗಾಬರಿಯಾಗಬೇಕಿತ್ತು. ಅದರ ಬದಲು, "ಇಲ್ಲೂ ಶುರು ಮಾಡಿದ್ರಾ ನಿಮ್ಮ ನಮಸ್ಕಾರ?" ಎಂದು ಕೇಳಿ, ಕಾರಿನ ಡಿಕ್ಕಿ ತೆಗೆದು ಸಾಮಾನು ತುಂಬತೊಡಗಿದಳು.

ಈ ನಮಸ್ಕಾರದ ಹಿಂದೆ ಒಂದು ಕಥೆಯಿದೆ. ಹೇಳುವ ಮೊದಲು ಒಂದು ಎಚ್ಚರಿಕೆ: ನನ್ನ ನೆನಪನ್ನು ನೀವು ನಂಬಬೇಡಿ. ನಾನೂ ನಂಬುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ವರ್ಷಗಟ್ಟಲೆ ಭೌತಶಾಸ್ತ್ರ ಓದಿ ನಾನು ಕಲಿತದ್ದು ಏನಾದರೂ ಇದ್ದರೆ ಅದು ಇಷ್ಟೇ: ಅಳತೆಗೋಲಿನ ಮೇಲೂ ಅನುಮಾನವಿರಲಿ, ಅಳೆದವನ ಮೇಲೂ ಇರಲಿ. ದೇವರು, ಜಾತಕ, ಶಕುನ, ಮಾವನವರು ಹೇಳುವ ಸ್ವಾತಂತ್ರ್ಯ ಚಳವಳಿಯ ಸಾಹಸಗಳು, ಎಲ್ಲವನ್ನೂ ಅನುಮಾನಿಸಿ ಮುಗಿಸಿದ ಮೇಲೆ ನನಗೆ ಅನುಮಾನಿಸಲು ಉಳಿದದ್ದು ನನ್ನ ತಲೆಯೊಂದೇ.

ಅದಕ್ಕೆ ಕಾರಣವಿದೆ. ತುಮಕೂರಿನಲ್ಲಿ ನಾನು ಚಿಕ್ಕವನಿದ್ದಾಗ ರೈಲು ಹಳಿಯ ಮೇಲೆ ಒಂದು ತಾಮ್ರದ ಕಾಸು ಇಟ್ಟು ಪೊದೆಯ ಹಿಂದೆ ಅಡಗಿ ಕುಳಿತೆ. ಗಾಡಿ ದಡಬಡ ಹೋಯಿತು. ಓಡಿಹೋಗಿ ಕಾಸನ್ನು ಎತ್ತಿಕೊಂಡೆ. ಅದರ ಮೇಲಿನ ರಾಜನ ಮುಖ ಕಾವಲಿಯ ಮೇಲೆ ಹುಯ್ದ ಹಿಟ್ಟಿನಂತೆ ಹರಡಿಕೊಂಡಿತ್ತು. ಕಾಸು ಸುಡುತ್ತಿತ್ತು, ಆ ಬಿಸಿ ಈಗಲೂ ನನ್ನ ಹೆಬ್ಬೆರಳಿನಲ್ಲಿದೆ. ಈ ಪ್ರಸಂಗವನ್ನು ಎಷ್ಟೋ ಊಟದ ಮೇಜುಗಳಲ್ಲಿ ವರ್ಣಿಸಿದ್ದೇನೆ. ಒಮ್ಮೆ ಊರಿಗೆ ಹೋದಾಗ ಅಕ್ಕನ ಎದುರಿಗೂ ವರ್ಣಿಸಿದೆ. ಅವಳು ಸೊಪ್ಪು ಸೋಸುತ್ತ ತಲೆಯೆತ್ತದೆ, "ಕಾಸು ನಂದು. ಹಳಿ ಮೇಲೆ ಇಟ್ಟಿದ್ದೂ ನಾನೇ. ನೀನು ಮಂಗನಬಾವು ಬಂದು ಮನೇಲಿ ಮಲಗಿದ್ದೆ. ಅಳ್ತಿದ್ದೀಯ ಅಂತ ತಂದು ನಿನ್ನ ಕೈಗೆ ಕೊಟ್ಟೆ," ಎಂದಳು. "ಹಾಗಾದ್ರೆ ಆ ಬಿಸಿ?" ಎಂದೆ. "ನಿಂಗೆ ಜ್ವರ ಇತ್ತಲ್ಲೋ," ಎಂದಳು.

ಅಂದಿನಿಂದ ನನ್ನ ನೆನಪುಗಳ ಪೈಕಿ ಯಾವುದು ಹೆಚ್ಚು ಸ್ಪಷ್ಟವಾಗಿದೆಯೋ ಅದರ ಮೇಲೆ ನನಗೆ ಹೆಚ್ಚು ಅನುಮಾನ. ಆದರೂ ಒಂದು ಪೆನ್ನಿಯ ವಿಷಯದಲ್ಲಿ ನಾನು ಜಾರಿಬಿದ್ದೆ.

ಪೆನ್ನಿ ಎಂದರೆ ಒಂದು ಸೆಂಟಿನ ನಾಣ್ಯ, ಡಾಲರಿನ ನೂರನೇ ಒಂದು ಪಾಲು. ಈ ದೇಶದ ಚಿಲ್ಲರೆಯಲ್ಲಿ ನನಗೆ ಬಂದ ಹೊಸತರಲ್ಲೇ ಅರ್ಥವಾದ ನಾಣ್ಯ ಅದೊಂದೇ, ಏಕೆಂದರೆ ಅದರ ಬಣ್ಣ ಬೇರೆ. ಉಳಿದವು ಮೋಸ. ಐದು ಸೆಂಟಿನ ನಿಕ್ಕಲ್ಲು ದಪ್ಪಗೆ ದೊಡ್ಡದಾಗಿರುತ್ತದೆ. ಹತ್ತು ಸೆಂಟಿನ ಡೈಮು ಅದರ ಮುಂದೆ ಅಂಗಿಯ ಗುಂಡಿಯಂತಿರುತ್ತದೆ, ಅದರ ಮೇಲೆ ಹತ್ತು ಎಂದು ಎಲ್ಲೂ ಬರೆದಿರುವುದಿಲ್ಲ. ಹಿಂದೆ ಸಾಲಿನಲ್ಲಿ ನಿಂತವರ ನಿಟ್ಟುಸಿರು ಕೇಳುತ್ತ ಈ ಗುಂಡಿಗಳನ್ನು ಎಣಿಸುವುದಕ್ಕಿಂತ ನೋಟು ಚಾಚುವುದು ವಾಸಿ ಎಂದು ತೀರ್ಮಾನಿಸಿದೆ. ನೋಟು ಕೊಟ್ಟರೆ ಚಿಲ್ಲರೆ ಬರುತ್ತದೆ. ಬಂದ ಚಿಲ್ಲರೆಯನ್ನು ಮತ್ತೆ ಕೊಡುವ ಧೈರ್ಯವಿಲ್ಲದವನ ಮನೆಯಲ್ಲಿ ಅದು ಬೆಳೆಯುತ್ತದೆ. ಅತ್ತೆಯವರು ಕಳಿಸಿದ ಮಾವಿನ ಮಿಡಿಯ ಉಪ್ಪಿನಕಾಯಿ ಖಾಲಿಯಾದ ಬಾಟಲಿಯಲ್ಲಿ ನಾನು ಪೆನ್ನಿಗಳನ್ನು ತುಂಬಿಸುತ್ತ ಹೋದೆ. ಎಷ್ಟು ತೊಳೆದರೂ ಇಂಗಿನ ವಾಸನೆ ಹೋಗದ ಬಾಟಲಿ ಅದು. ಹೀಗಾಗಿ ಸನ್ನಿವೇಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪೆನ್ನಿಯ ಮೇಲೆ ಮುಖವಿದ್ದ ಅಮೆರಿಕದ ಅಧ್ಯಕ್ಷರಿಗೂ ಇಂಗಿನ ಒಗ್ಗರಣೆ ಬಿದ್ದಿತ್ತು.

ಇನ್ನು ಶಿವಾನಂದ. ಎಂಬತ್ತರ ದಶಕದ ಆರಂಭದಲ್ಲಿ ನನ್ನ ಆಫೀಸಿನಲ್ಲೇ ಎಂಜಿನಿಯರ್ ಆಗಿದ್ದ ಹುಬ್ಬಳ್ಳಿಯ ಗೆಳೆಯ. ನಾವೆಲ್ಲ ಆಫೀಸಿನ ಹತ್ತಿರ ಬಾಡಿಗೆಗೆ ಒದ್ದಾಡುತ್ತಿದ್ದಾಗ ಅವನು ಮಾರ್ಗನ್ ಹಿಲ್‌ನಲ್ಲಿ ಮನೆ ಕಟ್ಟಿಸಲು ಹೊರಟ. ಫ್ರೀವೇ ಹಿಡಿದು ದಕ್ಷಿಣಕ್ಕೆ ಹೋಗುತ್ತ ಹೋಗುತ್ತ, ಇನ್ನು ಊರು ಬರುವುದಿಲ್ಲ ಎಂದು ಆಸೆ ಬಿಟ್ಟ ಮೇಲೆ ಬರುವ ಊರು ಅದು. "ಅಲ್ಲಿಂದ ಹುಬ್ಳಿನೇ ಹತ್ರ," ಎಂದು ವಿಮಲಾ ಹೇಳುತ್ತಿದ್ದಳು. ಮನೆ ಕಟ್ಟುವುದನ್ನು ನೋಡಲು ನಿಜವಾಗಿಯೂ ಹುಬ್ಬಳ್ಳಿಯಿಂದ ಬಂದಿಳಿದವರು ಶಿವೂನ ತಾಯಿ ನೀಲವ್ವ. ನಮಗೆಲ್ಲ ಅವರು ಅವ್ವಾರು.

ಮನೆ ಮೇಲೆದ್ದಿತ್ತು. ಸೋಮವಾರ ಬಡಗಿ ಬಂದು ಮುಂಬಾಗಿಲಿನ ಚೌಕಟ್ಟು ಕೂರಿಸುವವನಿದ್ದ. ಶನಿವಾರ ನಾನು ಹೋದಾಗ ಅವ್ವಾರು ಮರದ ಪುಡಿಯ ನಡುವೆ ಮಡಚುವ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

"ಹೊಸ್ತಲದ ಕೆಳಗ ತಾಮ್ರದ ರೊಕ್ಕ ಇಲ್ದ ಬಾಗಲಾ ಕೂಡಿಸಂಗಿಲ್ಲ," ಎಂದು ಅವರು ಮಗನಿಗೆ ಹೇಳುತ್ತಿದ್ದರು.

ಶಿವು ಜೇಬಿನಿಂದ ಫಳಫಳ ಹೊಳೆಯುವ ಒಂದು ಹೊಸ ಪೆನ್ನಿ ತೆಗೆದು ಕೊಟ್ಟ. ಅವ್ವಾರು ಅದನ್ನು ಕಣ್ಣಿಗೆ ಒತ್ತಿಕೊಂಡರು. ಅಲ್ಲಿಗೆ ಮುಗಿಯಬೇಕಿತ್ತು. ನನಗೆ ಸುಮ್ಮನಿರಲು ಆಗಲಿಲ್ಲ.

"ಅವ್ವಾರೇ, ಅದು ತಾಮ್ರ ಅಲ್ಲ," ಎಂದೆ.

ವಿಷಯ ಹೀಗಿತ್ತು. ಪೆನ್ನಿಯನ್ನು ಬಹುಕಾಲ ಹೆಚ್ಚುಕಡಿಮೆ ತಾಮ್ರದಲ್ಲೇ ಮಾಡುತ್ತಿದ್ದರು. ಯುದ್ಧದ ನಡುವೆ, ೧೯೪೩ರಲ್ಲಿ ಮಾತ್ರ, ತಾಮ್ರವೆಲ್ಲ ಮದ್ದುಗುಂಡಿಗೆ ಬೇಕಾಗಿ ಉಕ್ಕಿನಲ್ಲಿ ಮಾಡಿದರು. ಮತ್ತೆ ತಾಮ್ರಕ್ಕೆ ಮರಳಿದರು. ಆಮೇಲೆ ತಾಮ್ರ ತುಟ್ಟಿಯಾಗಿ, ಒಂದು ಸೆಂಟಿನೊಳಗೆ ಅಷ್ಟು ತಾಮ್ರ ಹಾಕುವುದು ದುಬಾರಿ ಎನಿಸಿ, ೧೯೮೨ರಲ್ಲಿ ಒಳಗೆ ಸತು ತುಂಬಿ ಮೇಲೆ ತಾಮ್ರದ ತೆಳು ಲೇಪ ಕೊಡಲು ಶುರುಮಾಡಿದರು. ನಾನು ಇಷ್ಟನ್ನು ವಿವರಿಸಿ, ಬಾಯಿಮಾತು ಸಾಲದೆಂದು, ಬಡಗಿ ಬಿಟ್ಟುಹೋಗಿದ್ದ ಅರದಿಂದ ಪೆನ್ನಿಯ ಅಂಚನ್ನು ಉಜ್ಜಿ ತೋರಿಸಿದೆ. ಒಳಗೆ ಬೆಳ್ಳಗಿತ್ತು.

ಅವ್ವಾರು ನೋಡಿದರು. "ಮ್ಯಾಲ ಕುಂಕುಮ, ಒಳಗ ಸುಣ್ಣ," ಎಂದರು.

ಶಿವು ನನ್ನ ಕಡೆ ತಿರುಗಿದ. "ಲೇ, ನಿನಗ ಸುಮ್ನ ಇರಾಕ ಬರಂಗಿಲ್ಲೇನು? ಮುಗದ ಹೋಗಿತ್ತಲ್ಲೋ."

"ಅಂವನ್ನ್ಯಾಕ ಬೈತಿ? ಖರೇ ಹೇಳ್ಯಾನ," ಎಂದರು ಅವ್ವಾರು. "ತಮ್ಮಾ, ನಿನಗ ಇಷ್ಟ ಗೊತ್ತೈತಿ ಅಂದ ಮ್ಯಾಲ ಖರೇ ತಾಮ್ರದ್ದು ನೀನ ತಂದಕೊಡು."

ಮರುದಿನ ತಂದುಕೊಟ್ಟೆ. ಬಾಟಲಿಯನ್ನು ಹಾಸಿಗೆಯ ಮೇಲೆ ಸುರಿದು, ಕಾಫಿಪುಡಿಯ ಬಣ್ಣಕ್ಕೆ ತಿರುಗಿದ್ದ ಒಂದು ಹಳೆಯ ಪೆನ್ನಿ ಆರಿಸಿದೆ. ಒಂದು ಕಡೆ ಗಡ್ಡದ ಅಧ್ಯಕ್ಷರ ಮುಖ, ಇನ್ನೊಂದು ಕಡೆ ಅಂಚಿನಗುಂಟ ಬಾಗಿದ ಎರಡು ಗೋಧಿ ತೆನೆ. ತೆನೆಯಿದ್ದರೆ ಅವ್ವಾರಿಗೆ ಖುಷಿಯಾದೀತು ಎನಿಸಿತ್ತು. ದೇವರಿಲ್ಲ ಎಂದು ಕ್ಯಾಂಟೀನಿನಲ್ಲಿ ಗಂಟಲು ಹರಿದುಕೊಳ್ಳುತ್ತಿದ್ದ ನಾನು ಹೊಸ್ತಿಲ ಪೂಜೆಗೆ ತಾಮ್ರ ಹುಡುಕುತ್ತಿರುವುದನ್ನು ನೋಡಿ ವಿಮಲಾ ನಕ್ಕಳು. ಪೂಜೆ ಸುಳ್ಳಾದರೂ ಲೋಹ ಸುಳ್ಳಾಗಬಾರದು ಎಂಬುದು ನನ್ನ ನಿಲುವು ಎಂದೆ. ಅವ್ವಾರು ಪೆನ್ನಿಯನ್ನು ಎರಡೂ ಕಡೆ ತಿರುಗಿಸಿ ನೋಡಿ, ತೆನೆಯ ಮೇಲೆ ಬೆರಳಾಡಿಸಿ, ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡರು. ಸೋಮವಾರ ನಾನು ಆಫೀಸಿನಲ್ಲಿದ್ದೆ. ಅಲ್ಲಿ ಬಾಗಿಲು ಕೂತಿತು.

ಕೆಲವು ತಿಂಗಳು ನೆಮ್ಮದಿಯಾಗಿದ್ದೆ. ಆಮೇಲೆ ಒಂದು ಮಧ್ಯಾಹ್ನ, ಆಫೀಸಿನಲ್ಲಿ ನನ್ನ ಪಕ್ಕ ಕೂರುವ ಡೇವ್ ಊಟದ ಹೊತ್ತಿಗೆ ಒಂದು ನೀಲಿ ಆಲ್ಬಮ್ಮು ತೆರೆದ. ರಟ್ಟಿನ ಹಾಳೆಗಳಲ್ಲಿ ಸಾಲು ಸಾಲು ಗುಂಡನೆಯ ತೂತು. ಪ್ರತಿ ತೂತಿನ ಕೆಳಗೆ ಒಂದು ಇಸವಿ. ಪ್ರತಿ ತೂತಿನಲ್ಲಿ ಆ ಇಸವಿಯ ಪೆನ್ನಿ. ಅಜ್ಜ ಕೊಟ್ಟದ್ದಂತೆ, ಹುಡುಗನಾಗಿದ್ದಾಗಿನಿಂದ ತುಂಬಿಸುತ್ತಿದ್ದಾನಂತೆ. ಮೊದಲ ಸಾಲಿನಲ್ಲಿ ಒಂದು ತೂತು ಮಾತ್ರ ಖಾಲಿ.

"ಇದು ಎಲ್ಲರ ಆಲ್ಬಮ್ಮಿನಲ್ಲೂ ಖಾಲಿ," ಎಂದ ಡೇವ್, ಬ್ರೆಡ್ಡು ಅಗಿಯುತ್ತ.

ಅವನು ಹೇಳಿದ ಇತಿಹಾಸ ಇದು. ಗಡ್ಡದ ಅಧ್ಯಕ್ಷರು ಹುಟ್ಟಿ ನೂರು ವರ್ಷವಾದ ನೆನಪಿಗೆ, ೧೯೦೯ರಲ್ಲಿ, ಅವರ ಮುಖವನ್ನು ಪೆನ್ನಿಯ ಮೇಲೆ ಹಾಕಿದರು. ಹಿಂದುಗಡೆ ಗೋಧಿ ತೆನೆ. ಚಿತ್ರ ಕೆತ್ತಿದ ಕಲಾವಿದ ತೆನೆಗಳ ಬುಡದಲ್ಲಿ ತನ್ನ ಹೆಸರಿನ ಮೂರು ಅಕ್ಷರ ಹಾಕಿಕೊಂಡ: ವಿ, ಡಿ, ಬಿ. ದೇಶದ ನಾಣ್ಯದ ಮೇಲೆ ಇವನದೇನು ಜಾಹೀರಾತು ಎಂದು ಜನ ಗೊಣಗಿದರು. ಕೆಲವೇ ದಿನಗಳಲ್ಲಿ ಅಕ್ಷರಗಳನ್ನು ಕಿತ್ತುಹಾಕಿದರು. ಅಷ್ಟರೊಳಗೆ ಸ್ಯಾನ್ ಫ್ರಾನ್ಸಿಸ್ಕೋದ ಟಂಕಸಾಲೆಯಲ್ಲಿ ಅಚ್ಚಾಗಿದ್ದವು ಕಡಿಮೆ. ಆ ಟಂಕಸಾಲೆಯ ಗುರುತಾಗಿ ಇಸವಿಯ ಕೆಳಗೆ ಸಾಸಿವೆಯಷ್ಟು ಚಿಕ್ಕ 'ಎಸ್' ಇರುತ್ತದೆ. ಮುಂದೆ ಎಸ್, ಹಿಂದೆ ಮೂರಕ್ಷರ, ಇಸವಿ ೧೯೦೯: ಮೂರೂ ಕೂಡಿದರೆ ಅದು ಸಂಗ್ರಹಕಾರರ ಕೋಹಿನೂರು. ತೆನೆ ೧೯೫೮ರವರೆಗೂ ಇತ್ತು, ಆಮೇಲೆ ಅದರ ಜಾಗಕ್ಕೆ ಕಂಬಗಳ ಸಾಲಿನ ಸ್ಮಾರಕ ಬಂತು. ತೆನೆಯ ಪೆನ್ನಿ ಈಗಲೂ ಒಮ್ಮೊಮ್ಮೆ ಚಿಲ್ಲರೆಯಲ್ಲಿ ಸಿಗುತ್ತದೆ. ಆದರೆ ಆ ಒಂದು ತೆನೆ ಮಾತ್ರ ಸಿಗುವುದಿಲ್ಲ.

"ಅಕ್ಷರಗಳು ಎಲ್ಲಿರುತ್ತವೆ ಅಂದೆ?" ಎಂದು ಕೇಳಿದೆ.

"ಇಲ್ಲಿ. ಕೆಳ ಅಂಚಿನಲ್ಲಿ."

ಆ ಕ್ಷಣ ನನಗೆ ನೆನಪಾಯಿತು. ಹಾಸಿಗೆಯ ಮೇಲೆ ಕುಳಿತು ಆ ಪೆನ್ನಿಯನ್ನು ಕಿಟಕಿಯ ಬೆಳಕಿಗೆ ಹಿಡಿದದ್ದು. ತೆನೆಗಳ ಬುಡದಲ್ಲಿ ಇರುವೆ ಕಾಲಿನಂಥ ಮೂರು ಗೀಚು ಕಂಡದ್ದು. ಕೊಳೆಯಿರಬೇಕು ಎಂದು ಉಗುರಿನಿಂದ ಕೆರೆದದ್ದು. ಅದು ಹೋಗದೇ ಇದ್ದದ್ದು. ಚಿತ್ರ ಎಷ್ಟು ಸ್ಪಷ್ಟವಾಗಿತ್ತೆಂದರೆ ನನಗೇ ಭಯವಾಯಿತು. ಏನನ್ನು ನೋಡಬೇಕಿತ್ತು ಎಂದು ತಿಳಿದ ಮೇಲೆ ನೋಡಿದ್ದೆ ಎನಿಸುವುದು ಮನುಷ್ಯನ ತಲೆಯ ಹಳೆಯ ಕಸುಬು, ಇದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದರೂ ಸಂಜೆ ಮನೆಗೆ ಬಂದವನೇ ವಿಮಲಾಗೆ, "ಕೋಹಿನೂರನ್ನ ಹೊಸ್ತಿಲಲ್ಲಿ ಹೂಳಿಸಿಬಿಟ್ಟೆ ಕಣೇ," ಎಂದೆ.

ಅವಳು ವಕೀಲರ ಮಗಳು. ಚಪಾತಿ ಲಟ್ಟಿಸುತ್ತಲೇ ಪಾಟಿಸವಾಲು ಶುರುಮಾಡಿದಳು.

"ಅವತ್ತು ಯಾವ ಅಂಗಿ ಹಾಕಿದ್ರಿ?"

"ನೀಲಿ ಚೌಕಳಿದು. ಕಾಣ್ತಾ ಇದೆ ನಂಗೆ."

"ಅದನ್ನ ನಾನು ತಂದಿದ್ದು ಕಳೆದ ತಿಂಗಳ ಸೇಲ್‌ನಲ್ಲಿ. ಬಿಸಿಲು ಯಾವ ಕಿಟಕಿಯಿಂದ ಬರ್ತಿತ್ತು?"

"ಹಾಸಿಗೆ ಪಕ್ಕದ್ದು."

"ಅದಕ್ಕೆ ಎದುರಿನ ಬಿಲ್ಡಿಂಗಿನ ಗೋಡೆ ಇದೆ ರೀ. ಬಿಸಿಲು ಬಂದಿದ್ದೇ ಇಲ್ಲ ನಮ್ಮನೆಗೆ."

ಸಾಕ್ಷಿ ಕುಸಿಯಿತು, ಆಸೆ ಕುಸಿಯಲಿಲ್ಲ. ರೆಡ್‌ವುಡ್ ಸಿಟಿಯಲ್ಲಿ ನಾಣ್ಯ ಮಾರುವ ಒಂದು ಪುಟ್ಟ ಅಂಗಡಿಯಿತ್ತು. ಸುಮ್ಮನೆ ವಿಚಾರಿಸಿದೆ, ಸ್ನೇಹಿತನೊಬ್ಬನ ಪರವಾಗಿ ಎಂಬಂತೆ. ಅಂಗಡಿಯ ಮುದುಕ, ಸವೆದಿದ್ದರೂ ಪರವಾಗಿಲ್ಲ, ನಿಮ್ಮ ಸ್ನೇಹಿತನ ಅರ್ಧ ತಿಂಗಳ ಬಾಡಿಗೆಯಂತೂ ಹುಟ್ಟುತ್ತದೆ ಎಂದ. ಆಮೇಲೆ ಕನ್ನಡಕದ ಮೇಲಿಂದ ನೋಡಿ, "ಆದರೆ ತೊಳೆದಿಲ್ಲ ತಾನೇ? ತಿಕ್ಕಿ ಹೊಳಪು ಮಾಡಿದರೆ ಬೆಲೆ ಹೋಯಿತು. ಹಳೇ ನಾಣ್ಯದ ಕಂದು ಬಣ್ಣವೇ ಅದರ ಜೀವ," ಎಂದ.

ಮನೆಗೆ ಬರುವ ದಾರಿಯುದ್ದಕ್ಕೂ ನನ್ನ ಕಣ್ಣಮುಂದೆ ಒಂದೇ ದೃಶ್ಯ. ಆ ಭಾನುವಾರ ಅವ್ವಾರ ಪಕ್ಕದಲ್ಲಿ ಒಂದು ಬಟ್ಟಲಿತ್ತು; ಅದರಲ್ಲಿ ಹುಣಸೆಹಣ್ಣು ನೆನೆಹಾಕಿತ್ತು. ನಮ್ಮ ಹೆಂಗಸರ ಕೈಗೆ ತಾಮ್ರವೂ ಹುಣಸೆಹಣ್ಣೂ ಒಟ್ಟಿಗೆ ಸಿಕ್ಕರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಅದು ಸಾರಿಗೆ ನೆನೆಹಾಕಿದ್ದೋ, ಕಾಸಿಗೋ? ಅಥವಾ ಬಟ್ಟಲೇ ಇರಲಿಲ್ಲವೋ? ಅನುಮಾನ ಮಾಡುವುದನ್ನು ವೃತ್ತಿಯಾಗಿ ಕಲಿತವನಿಗೆ ಇಂಥ ಹೊತ್ತಿನಲ್ಲಿ ನಿದ್ದೆ ಬರುವುದಿಲ್ಲ.

ಅವ್ವಾರನ್ನು ನೇರವಾಗಿ ಕೇಳಬಹುದಿತ್ತು. ಏನೆಂದು ಕೇಳುವುದು? "ಪೂಜೆಗೆ ಕೊಟ್ಟ ಕಾಸಿಗೆ ಬೆಲೆ ಜಾಸ್ತಿ ಅಂತ ಈಗ ಗೊತ್ತಾಯ್ತು, ಬಾಗಿಲು ಕಿತ್ತು ವಾಪಸ್ ಕೊಡಿ," ಎಂದೇ? ಆ ಮನೆಯಲ್ಲಿ ಬೆಣ್ಣೆ ಹಚ್ಚಿದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ತಿಂದ ಬಾಯಿ ಅದು. ಹಾಗಾಗಿ ನಾನು ಬೇರೆ ದಾರಿ ಹಿಡಿದೆ. ಮಾರ್ಗನ್ ಹಿಲ್‌ಗೆ ಹೋದಾಗಲೆಲ್ಲ ಬಾಗಿಲಲ್ಲಿ ಚಪ್ಪಲಿ ಬಿಡುವ ನೆಪದಲ್ಲಿ ಬಗ್ಗಿ, ಹೊಸ್ತಿಲ ಮರಕ್ಕೂ ಕೆಳಗಿನ ಸಿಮೆಂಟಿಗೂ ನಡುವೆ ಎಲ್ಲಾದರೂ ಸಂದಿದೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದೆ. ಒಂದು ಸಲ ಕಣ್ಣನ್ನೂ ನೆಲಕ್ಕೆ ತಾಗಿಸಿ ನೋಡಿದೆ.

ತಲೆಯೆತ್ತಿದಾಗ ಅವ್ವಾರು ಎದುರಿಗೆ ನಿಂತಿದ್ದರು. ಅವರ ಕಣ್ಣು ತುಂಬಿತ್ತು.

"ನಮ್ಮ ಶಿವೂ ಒಂದ ದಿವಸ ಹೊಸ್ತಲಾ ಮುಟ್ಟಿ ನಮಸ್ಕಾರ ಮಾಡಿದವಲ್ಲ," ಎಂದರು. "ಇಷ್ಟು ಓದಿದ ಹುಡುಗ, ನೀ ಹಣಿ ಹಚ್ಚಿದೆಲ್ಲೋ ತಮ್ಮಾ."

ಆಗ ನಿಜ ಹೇಳಬಹುದಿತ್ತು. ಆದರೆ ಭಕ್ತನೆನಿಸಿಕೊಳ್ಳುವುದಕ್ಕಿಂತ ದುರಾಸೆಯವನೆನಿಸಿಕೊಳ್ಳುವುದು ಕಷ್ಟ. "ಏನೋ ಅವ್ವಾರೇ, ಅಭ್ಯಾಸ," ಎಂದು ತೊದಲಿದೆ.

ಸುದ್ದಿ ಹರಡಿತು. ಸಂಕ್ರಾಂತಿಗೆ ಲಾಸ್ ಆಲ್ಟೋಸ್‌ನ ಡಾಕ್ಟರೊಬ್ಬರ ದೊಡ್ಡ ಮನೆಯಲ್ಲಿ ಎಲ್ಲರೂ ಅಡುಗೆ ಮಾಡಿಕೊಂಡು ತಂದು ಸೇರಿದ್ದೆವು. ಹೆಂಗಸರು ತಮ್ಮ ಗಂಡಂದಿರಿಗೆ ನನ್ನನ್ನು ತೋರಿಸುತ್ತಿದ್ದರು. ಮೂರು ಹೊತ್ತೂ ಈರುಳ್ಳಿ ಬೆಳ್ಳುಳ್ಳಿ ತಿಂದು ದೇವರನ್ನು ಗೇಲಿ ಮಾಡುತ್ತಿದ್ದ ನನಗೆ ಅಂದು ಮಂಗಳಾರತಿ ಎತ್ತುವ ಗೌರವ ದೊರೆಯಿತು. ಆ ಮನೆಯ ಹೈಸ್ಕೂಲು ಓದುವ ಮಗಳು ಬಂದು, ಅಂಕಲ್, ನೀವು ಬಾಗಿಲುಗಳಿಗೆಲ್ಲ ನಮಸ್ಕಾರ ಮಾಡ್ತೀರಂತೆ, ಅಥವಾ ಮುಂಬಾಗಿಲಿಗೆ ಮಾತ್ರವೋ ಎಂದು ಇಂಗ್ಲಿಷಿನಲ್ಲಿ ಬಹಳ ಗಂಭೀರವಾಗಿ ವಿಚಾರಿಸಿದಳು. ವಿಮಲಾ ಪುಳಿಯೋಗರೆಯ ಪಾತ್ರೆಯ ಹಿಂದೆ ಅವಿತುಕೊಂಡು ನಗುತ್ತಿದ್ದಳು.

ಮುಂದಿನ ವಸಂತದಲ್ಲಿ ಒಂದು ಮಧ್ಯಾಹ್ನ ನೆಲ ನಡುಗಿತು. ಆಫೀಸಿನಲ್ಲಿ ದೀಪಗಳು ತೂಗಾಡಿದವು, ಕಾಫಿ ಚೆಲ್ಲಿತು. ನಾವು ಮೇಜಿನ ಕೆಳಗೆ ಕುಳಿತು ಒಬ್ಬರನ್ನೊಬ್ಬರು ನೋಡಿಕೊಂಡೆವು. ಭೂಕಂಪದ ಪೆಟ್ಟು ಹೆಚ್ಚಾಗಿ ಬಿದ್ದದ್ದು ಮಾರ್ಗನ್ ಹಿಲ್ ಕಡೆಗೆ ಎಂದು ರೇಡಿಯೋ ಹೇಳಿತು. ಶಿವು ಅಂದು ರಜೆ ಹಾಕಿ ಮನೆಯಲ್ಲಿದ್ದ. ಸಂಜೆ ಮನೆಗೆ ಬಂದು ಬಹಳ ಹೊತ್ತು ಪ್ರಯತ್ನಿಸಿದ ಮೇಲೆ ಫೋನು ಸಿಕ್ಕಿತು.

"ಹೊಸ್ತಿಲು ಹೇಗಿದೆ?" ಎಂದೆ.

"ಮಂದಿ ಎಲ್ಲಾ ಅರಾಮ ಅದೇವಿ," ಎಂದ ಶಿವು. "ಶೆಲ್ಫಿನ ಸಾಮಾನು ಬಿದ್ದಾವು. ಬಾಗಲಾ ಸೊಟ್ಟ ಆಗೈತಿ, ಹಾಕಾಕ ಬರವಲ್ದು. ಶನಿವಾರ ಬಡಗಿ ಬಂದು ಹೊಸ್ತಲಾ ಎಬ್ಬಸ್ತಾನ."

ಫೋನಿಟ್ಟಾಗ ವಿಮಲಾ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ಅವ್ವಾರು ಹೇಗಿದ್ದಾರೆ ಅಂತ ಕೇಳೋಕೂ ಆಗ್ಲಿಲ್ವಾ ನಿಮಗೆ?"

ಶನಿವಾರ ಬಡಗಿಗಿಂತ ಮೊದಲೇ ನಾವು ಅಲ್ಲಿದ್ದೆವು. ನನ್ನ ಜೇಬಿನಲ್ಲಿ ಒಂದು ಭೂತಗನ್ನಡಿಯಿತ್ತು. ಮೂರು ಅಕ್ಷರ ಇವೆಯೋ ಇಲ್ಲವೋ, ಅಷ್ಟು ತಿಳಿದರೆ ಸಾಕು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಇದ್ದರೆ ಏನು ಮಾಡುವುದು ಎಂಬುದನ್ನು ಮಾತ್ರ ಹೇಳಿಕೊಂಡಿರಲಿಲ್ಲ. ಬಾಟಲಿಯಿಂದ ಆರಿಸಿದ, ಅಪ್ಪಟ ತಾಮ್ರದ ಇನ್ನೊಂದು ಪೆನ್ನಿಯೂ ಜೇಬಿನಲ್ಲಿತ್ತು. ಅದು ಯಾಕಿತ್ತು ಎಂದು ನೀವು ಕೇಳಬೇಡಿ.

ಬಡಗಿ ಮೀಟುಗೋಲು ಹಾಕಿ ಎತ್ತಿದ. ಮರ ನರಳಿ ಮೇಲೆದ್ದಿತು. ಕೆಳಗೆ ಅರಿಸಿನದ ಕಲೆಯಿದ್ದ ಒಂದು ಕೆಂಪು ಬಟ್ಟೆಯ ಚೂರು. ಅವ್ವಾರು ಅದನ್ನು ಎತ್ತಿ ಅಂಗೈಯಲ್ಲಿಟ್ಟು ಬಿಡಿಸಿದರು. ನಾನು ಭೂತಗನ್ನಡಿಯ ಮೇಲೆ ಕೈಯಿಟ್ಟುಕೊಂಡು ಮುಂದೆ ಬಾಗಿದೆ.

ಒಳಗಿದ್ದದ್ದು ನಡುವೆ ದೊಡ್ಡ ತೂತಿದ್ದ ಒಂದು ಕಾಸು.

"ಅವ್ವಾರೇ, ಇದು ನಾನು ಕೊಟ್ಟಿದ್ದಲ್ಲ," ಎಂದೆ. ನನ್ನ ದನಿ ಸ್ವಲ್ಪ ಎತ್ತರವಾಗಿತ್ತು.

"ನಿಂದ್ಯಾಕ ಆಗ್ತೈತಿ? ಇದು ನಮ್ಮ ತೂತಿನ ದುಡ್ಡು. ಬ್ರಿಟಿಷರ ಕಾಲದ್ದು. ನಮ್ಮತ್ತಿ ಶಿವೂನ ಉಡದಾರಕ್ಕ ಕಟ್ಟಿದ್ರು. ಕುಂಕುಮದ ಭರಣ್ಯಾಗ ಇಟ್ಕೊಂಡು ಬಂದಿದ್ದೆ."

"ನಂದು ಯಾಕೆ ಇಡಲಿಲ್ಲ?"

ಅವ್ವಾರು ನನ್ನನ್ನು ಕನಿಕರದಿಂದ ನೋಡಿದರು. "ಅಲ್ಲೋ ತಮ್ಮಾ, ಅದರ ಮ್ಯಾಲ ಗಡ್ಡದ ಅಜ್ಜನ ಮಾರಿ ಐತಲ್ಲ. ಹಿರೇ ಮನಿಶಾ. ಬರೂ ಮಂದಿ ಹೋಗೂ ಮಂದಿ ಎಲ್ಲಾ ಅವನ ಮಾರಿ ಮ್ಯಾಲ ಕಾಲಿಡೂದೇನು? ಇದರಾಗ ನೋಡು, ಯಾರ ಮಾರೀನೂ ಇಲ್ಲ. ಒಂದು ಕಿರೀಟ, ಒಂದು ತೂತು. ತುಳದ್ರ ಯಾರಿಗೂ ಬ್ಯಾಸರಿಲ್ಲ."

ಶಿವು ಆ ಕಾಸನ್ನು ನೋಡಿದ, ನನ್ನನ್ನು ನೋಡಿದ. ಅವನಿಗೆ ಏನೋ ಹೊಳೆಯಿತು. "ಅಂದ್ರ ಇಷ್ಟು ದಿವಸ ನೀ ಹಣಿ ಹಚ್ಚಿದ್ದು ನನ್ನ ಉಡದಾರಕ್ಕೇನಲೇ?"

ಬಡಗಿಗೆ ನಮ್ಮ ನಗು ಅರ್ಥವಾಗಲಿಲ್ಲ. ನಾನೂ ನಕ್ಕೆನೆಂದು ನನ್ನ ನೆನಪು. ನಗಲಿಲ್ಲ ಎಂದು ವಿಮಲಾಳ ನೆನಪು.

"ಹಾಗಾದ್ರೆ ನಂದು ಎಲ್ಲಿ?" ಎಂದು ಕೇಳಿದೆ.

"ನಿಂದಾ? ಗರಾಜಿನಾಗ ಐತಿ ಬಾ," ಎಂದು ಅವ್ವಾರು ಮುಂದೆ ನಡೆದರು. ಅವರು ತೋರಿಸಿದ್ದು ಗೋಡೆಯ ಪಕ್ಕ ನಿಂತಿದ್ದ ವಾಷಿಂಗ್ ಮಷೀನನ್ನು. "ನೀ ರೊಕ್ಕ ಕೊಟ್ಟ ಮ್ಯಾಲ ಈ ಮಷೀನು ತಂದ್ರು. ಇಲ್ಲಿ ನೆಲಾ ಓರೆ. ಸುರು ಮಾಡಿದ್ರ ಬಾಗಲತನಾ ಕುಣಕೋತ ಬರ್ತಿತ್ತು ಮುಂಡೇದು. ನಿನ್ನ ರೊಕ್ಕ ಅದರ ಕಾಲಾಗ ಕೊಟ್ಟೆ. ಗಪ್ ಆತು. ಮೊನ್ನೆ ಭೂಮಿ ನಡುಗಿ ಶೆಲ್ಫಿನ ಡಬ್ಬಿ ಎಲ್ಲಾ ಬಿದ್ದಾವು, ಇದು ಒಂದು ಬಟ್ಟ ಸರದಿಲ್ಲ."

"ಇಲ್ಲಿ ಅಜ್ಜನ ಮುಖದ ಮೇಲೆ ಮಷೀನಿನ ಕಾಲು ಬೀಳಲ್ವಾ?" ತರ್ಕದ ಕೊನೆಯ ಎಳೆಯನ್ನು ನಾನು ಬಿಡಲಿಲ್ಲ.

"ಮಷೀನಿಗೇನ ತಿಳೀತೈತಿ ಹಿರ್ಯಾರು ಕಿರ್ಯಾರು? ಮತ್ತ ಅಜ್ಜನ್ನ ಬಕ್ಕಬಾರ್ಲ ಮಲಗಿಸೀನಿ. ಅವಗೇನೂ ಕಾಣಂಗಿಲ್ಲ."

ಶಿವು ಮಷೀನನ್ನು ಒಂದು ಕಡೆ ಎತ್ತಿ ಹಿಡಿದ. ನಾನು ಕೈ ಹಾಕಿ ಪೆನ್ನಿಯನ್ನು ಬಿಡಿಸಿಕೊಂಡು ಬಾಗಿಲ ಬೆಳಕಿಗೆ ಹೋದೆ. ವಿಮಲಾ ಬೆನ್ನ ಹಿಂದೆ ಬಂದಳು. ಭೂತಗನ್ನಡಿ ತೆಗೆದೆ.

ಹುಣಸೆಹಣ್ಣಿನ ಬಗ್ಗೆ ನಾನು ಪಟ್ಟ ಚಿಂತೆಯೆಲ್ಲ ವ್ಯರ್ಥ. ಆ ಮನೆಯ ಅಷ್ಟೂ ಸೀರೆ, ಪ್ಯಾಂಟು, ಹಾಸಿಗೆ ಹೊದಿಕೆಗಳು ಗಿರಗಿರ ತಿರುಗಿದಾಗಲೆಲ್ಲ ಕೆಳಗೆ ಸಿಮೆಂಟು ಅಜ್ಜನ ಮುಖವನ್ನು ಅರೆದಿತ್ತು, ಮೇಲೆ ಕಬ್ಬಿಣದ ಕಾಲು ತೆನೆಗಳನ್ನು ಒಕ್ಕಿತ್ತು. ಮುಖವಿದ್ದಲ್ಲಿ ಬೋಳು. ಗಡ್ಡ ಹೋಗಿ ಅಧ್ಯಕ್ಷರು ಎಳೆಯರಾಗಿದ್ದರು. ತೆನೆಯ ತುದಿ ಒಂದಿಷ್ಟು ಉಳಿದಿತ್ತು. ಬುಡ, ಆ ಮೂರು ಅಕ್ಷರ ಇರಬೇಕಾದ ಜಾಗ, ಸಾಣೆ ಹಿಡಿದಷ್ಟು ನುಣುಪು. ಇಸವಿಯ ಜಾಗದಲ್ಲಿ ಒಂದೇ ಒಂದು ಅಂಕಿಯ ಸುಳಿ. ಅದರ ಕೆಳಗೆ ಒಂದು ಚುಕ್ಕೆ. ಅದು ಎಸ್ ಇರಬಹುದು. ಸೋಪಿನ ಪುಡಿಯೂ ಇರಬಹುದು.

"ಏನು ಕಾಣ್ತಿದೆ?" ಎಂದಳು ವಿಮಲಾ.

"ಒಂಬತ್ತು," ಎಂದೆ.

ಅವಳು ಭೂತಗನ್ನಡಿ ಇಸಿದುಕೊಂಡು ನೋಡಿದಳು. "ಒಂಬತ್ತೋ, ಆರೋ? ತಲೆಕೆಳಗೆ ಹಿಡ್ಕೊಂಡಿಲ್ಲ ತಾನೇ ನೀವು?"

ಬೋಳಾದ ನಾಣ್ಯಕ್ಕೆ ತಲೆ ಯಾವುದು, ಕಾಲು ಯಾವುದು? ಹಾಗೆ ಹಿಡಿದರೆ ಒಂಬತ್ತು, ಹೀಗೆ ಹಿಡಿದರೆ ಆರು. ನನ್ನ ರೈಲು ಹಳಿಯ ಕಾಸಿನ ರಾಜನೇ ಮತ್ತೆ ಕೈಗೆ ಬಂದಂತಿತ್ತು. ಈ ಸಲ ಅದು ಬಿಸಿಯಾಗಿರಲಿಲ್ಲ, ಅಷ್ಟೇ ವ್ಯತ್ಯಾಸ. ಕೋಹಿನೂರೇ ಆಗಿದ್ದರೂ ಇನ್ನು ಇದನ್ನು ರೆಡ್‌ವುಡ್ ಸಿಟಿಯ ಮುದುಕನೂ ಕೊಳ್ಳಲಾರ, ಡೇವ್ ತನ್ನ ತೂತಿಗೆ ತುಂಬಲಾರ. ಅಲ್ಲ ಎಂದು ಸಾಧಿಸಲೂ ಯಾರಿಂದಲೂ ಆಗದು ಎಂಬುದು ಆಮೇಲೆ ಹೊಳೆಯಿತು. ಅದರಿಂದ ನನಗೆ ವಿಚಿತ್ರವಾದ ಸಮಾಧಾನವಾಯಿತು ಎಂದರೆ ನೀವು ನಗಬಾರದು.

"ಬೇಕಾದ್ರ ಒಯ್ಯಿ ತಮ್ಮಾ," ಎಂದರು ಅವ್ವಾರು. "ನಿನ್ನ ರೊಕ್ಕಾನ ಐತಿ."

ನಾನು ಏನೋ ಹೇಳುವಷ್ಟರಲ್ಲಿ ಶಿವೂನ ಹೆಂಡತಿ ಶಕುಂತಲಾ ಬಟ್ಟೆಯ ಬುಟ್ಟಿ ಹೊತ್ತು ಗರಾಜಿಗೆ ಬಂದಳು. ನಮ್ಮ ಸಂಶೋಧನೆಯ ಪರಿವೆಯಿಲ್ಲದೆ ಬಟ್ಟೆ ತುಂಬಿ, ಸೋಪು ಸುರಿದು, ಗುಂಡಿ ತಿರುಗಿಸಿದಳು. ಮಷೀನು ಒಮ್ಮೆ ಗುರುಗುಟ್ಟಿತು. ಆಮೇಲೆ ಒಂದು ಕಾಲೆತ್ತಿ ಇಟ್ಟಿತು. ಇನ್ನೊಂದು ಕಾಲೆತ್ತಿತು. ನೋಡನೋಡುತ್ತ ಅದು ದಡದಡ ಕುಣಿಯುತ್ತ ಬಾಗಿಲಿನತ್ತ, ಅಂದರೆ ನನ್ನತ್ತ, ಹೊರಟಿತು.

"ರೊಕ್ಕ ಕೊಡ್ರಿ ಅದಕ್ಕ," ಎಂದು ಶಕುಂತಲಾ ಕೂಗಿದಳು. ಶಿವು ಮಷೀನಿನ ಬೆನ್ನಿಗೆ ಎರಡೂ ಕೈ ಕೊಟ್ಟು ಅದನ್ನು ಹಿಂದಕ್ಕೆ ಎಳೆದು, ಓರೆ ಮಾಡಿ ಹಿಡಿದ.

ನಾನು ಓಡಿಹೋಗಿ ಮೊಣಕಾಲೂರಿದೆ. ಜೇಬಿನಲ್ಲಿದ್ದ ಇನ್ನೊಂದು ಪೆನ್ನಿಯ ನೆನಪೇ ಬರಲಿಲ್ಲ. ಕೈಯಲ್ಲಿದ್ದದ್ದನ್ನೇ ಕಾಲಿನ ಕೆಳಗೆ ತಳ್ಳಿದೆ. "ಅಜ್ಜನ ಮಾರಿ ಕೆಳಗಿರ್ಲಿ," ಎಂದು ಅವ್ವಾರು ಹಿಂದಿನಿಂದ ಎಚ್ಚರಿಸಿದರು. ಅಜ್ಜನಿಗೆ ಈಗ ಮಾರಿಯೇ ಇಲ್ಲವೆಂದು ಹೇಳುವ ಹೊತ್ತು ಅದಾಗಿರಲಿಲ್ಲ. ಪೆನ್ನಿ ಸರಿಯಾಗಿ ಕೂತಿದೆಯೇ ಎಂದು ನೋಡಲು ಹಣೆಯನ್ನು ನೆಲಕ್ಕೆ ತಾಗಿಸಿದೆ. ಶಿವು ಮಷೀನನ್ನು ಇಳಿಸಿದ. ಅದು ಗಪ್ಪಾಯಿತು. ಒಳಗೆ ಬಟ್ಟೆಗಳು ನೆಮ್ಮದಿಯಾಗಿ ತಿರುಗತೊಡಗಿದವು.

ಏಳಲು ನೋಡಿದೆ. ಸೊಂಟ ಬರಲಿಲ್ಲ. ಮೊಣಕಾಲೂರಿ, ಎರಡೂ ಅಂಗೈ ಸಿಮೆಂಟಿನ ಮೇಲಿಟ್ಟು, ಹಣೆ ಮಷೀನಿನ ಪಾದದ ಬಳಿಯಿಟ್ಟುಕೊಂಡು ಹಾಗೆಯೇ ಉಳಿದೆ. ಬಾಯಿಬಿಟ್ಟು ಹೇಳೋಣವೆಂದರೆ ಉಸಿರು ಸಿಕ್ಕಿಹಾಕಿಕೊಂಡಿತ್ತು. ಬೆನ್ನ ಹಿಂದೆ ವಿಮಲಾ ಮೂಗಿನಲ್ಲಿ ಏನೋ ಸದ್ದು ಮಾಡಿದಳು. ಅದು ಕರುಣೆಯ ಸದ್ದಲ್ಲ.

ಸ್ವಲ್ಪ ಹೊತ್ತಾದ ಮೇಲೆ ಶಕುಂತಲಾ ಪಿಸುಗುಟ್ಟಿದ್ದು ಕೇಳಿಸಿತು: "ಅತ್ತೀ, ಅಣ್ಣಾರನ್ನ ಎಬ್ಬಸ್ಲೇನ್ರಿ?"

"ಗದ್ಲ ಮಾಡಬ್ಯಾಡ," ಎಂದರು ಅವ್ವಾರು, ಅಷ್ಟೇ ಮೆಲ್ಲಗೆ. "ಅವಂದು ಇನ್ನೂ ಮುಗದಿಲ್ಲ."